ಬಿಚ್ಚಿಕೊಳ್ಳದ ಆಯಿಲ್ ಫಿಲ್ಟರ್: ಎಲ್ಲಿ ಕಚ್ಚಿದೆ, ಹೇಗೆ ಬಿಡಿಸುವುದು

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದಿನ ಮಾತು. ಮಳೆಗಾಲ ಮುಗಿದಿತ್ತು, ಭಾನುವಾರ ಬೇರೆ. ಶಿವಮೊಗ್ಗದ ಮನೆ ಮುಂದೆಯೇ ನಮ್ಮ ಹಳೆ ಹ್ಯಾಚ್‌ಬ್ಯಾಕ್ ಕಾರಿನ ಇಂಜಿನ್ ಆಯಿಲ್ ಬದಲಾಯಿಸೋಣ ಅಂತ ಕೂತೆ. ಡ್ರೈನ್ ಬೋಲ್ಟ್ ಬಿಚ್ಚಿದೆ. ಕಪ್ಪು ಆಯಿಲ್ ಬಾಂಡಲಿಗೆ ಇಳಿಯಿತು. ಹೊಸ ವಾಷರ್ ಹಾಕಿ ಬೋಲ್ಟ್ ವಾಪಸ್ ಬಿಗಿ ಮಾಡಿದೆ. ಎಲ್ಲ ಸಲೀಸು. ಆಮೇಲೆ ಆಯಿಲಿನ ಕೊಳೆ ಸೋಸುವ ಫಿಲ್ಟರ್ ಡಬ್ಬಿಗೆ ಕೈ ಹಾಕಿದೆ. ಅಲುಗಲಿಲ್ಲ. ಎರಡೂ ಕೈ ಹಾಕಿದೆ. ಅಲುಗಲಿಲ್ಲ. ಯಾರೋ ಹೇಳಿದ್ದು ನೆನಪಾಗಿ ಉದ್ದದ ಸ್ಕ್ರೂಡ್ರೈವರ್ ತಂದು, ಸುತ್ತಿಗೆಯಲ್ಲಿ ಹೊಡೆದು, ಫಿಲ್ಟರಿನ ಆಚೆ ಬದಿಗೆ ದಾಟಿಸಿ ತಿರುಗಿಸಿದೆ. ಫಿಲ್ಟರ್ ತಿರುಗಲಿಲ್ಲ. ತಗಡು ಮಾತ್ರ ಹಪ್ಪಳದ ಹಾಗೆ ಹರಿದುಕೊಂಡು ಬಂತು.

ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಎದುರು ಇದ್ದದ್ದು ಇಷ್ಟು: ಒಂದು ಹನಿ ಆಯಿಲ್ ಇಲ್ಲದ ಇಂಜಿನ್, ಹರಿದ ಫಿಲ್ಟರ್, ಬಾಗಿಲು ಹಾಕಿದ ಗ್ಯಾರೇಜುಗಳು. ಪಕ್ಕದ ಬೀದಿಯ ಮೆಕ್ಯಾನಿಕ್ ಒಬ್ಬರು ಊಟ ಬಿಟ್ಟು ಬಂದರು. ಬಗ್ಗಿ ನೋಡಿದರು. ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಆಯಿಲ್ ಇಳಿಸೋಕೆ ಮೊದ್ಲು ಫಿಲ್ಟರ್ ಅಲುಗಾಡುತ್ತಾ ಅಂತ ನೋಡಿಲ್ವಾ ಸಾರ್?"

ನೋಡಿರಲಿಲ್ಲ. ಈ ಬರಹ ಪೂರ್ತಿ ಆ ಪ್ರಶ್ನೆಯ ಮೇಲೆಯೇ ನಿಂತಿದೆ.

ಆಯಿಲ್ ಆಮೇಲೆ, ಫಿಲ್ಟರ್ ಮೊದಲು

ಆಯಿಲ್ ಒಳಗಿದೆ, ಫಿಲ್ಟರ್ ಹರಿದಿಲ್ಲ ಅಂದರೆ ಗಾಡಿ ಇನ್ನೂ ಓಡುತ್ತದೆ. ಫಿಲ್ಟರ್ ಬರಲಿಲ್ಲ ಅಂದರೂ ಚಿಂತೆಯಿಲ್ಲ. ಜಾಕ್ ಇಳಿಸಿ, ಕೈ ತೊಳೆದು, ಸೋಮವಾರ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು. ಆಯಿಲ್ ಇಳಿಸಿದ ಮೇಲೆ ಕೆಲಸ ನಿಂತರೆ ಮೊದಲು ಹೊಸ ಆಯಿಲ್ ಸುರಿಯಬೇಕು. ಫಿಲ್ಟರ್ ಹರಿದ ಮೇಲಂತೂ ಗಾಡಿ ಅಲ್ಲೇ. ಮೆಕ್ಯಾನಿಕ್ಕೇ ಮನೆಗೆ ಬರಬೇಕು.

ಹಾಗಾಗಿ ಡ್ರೈನ್ ಬೋಲ್ಟ್ ಮುಟ್ಟುವ ಮುಂಚೆ ಫಿಲ್ಟರನ್ನು ಕಾಲು ಸುತ್ತು ಸಡಿಲಿಸಿ ನೋಡಿ. ಬಂತಾ? ಕೈಯಿಂದಲೇ ವಾಪಸ್ ಬಿಗಿ ಮಾಡಿ, ಆಮೇಲೆ ಆಯಿಲ್ ಇಳಿಸಿ. ನಾಲ್ಕು ಹನಿ ಸೋರಬಹುದು, ಕೆಳಗೆ ಬಾಂಡಲಿ ಇರಲಿ. ಒಮ್ಮೆ ಸಡಿಲಿಸಿ, ಕಾರಣಾಂತರದಿಂದ ಕೆಲಸ ಅಲ್ಲಿಗೇ ಬಿಡುವ ಹಾಗಾದರೆ, ಫಿಲ್ಟರ್ ಬಿಗಿ ಮಾಡಿ, ಇಂಜಿನ್ ಎರಡು ನಿಮಿಷ ಓಡಿಸಿ, ಸೋರಿಕೆ ಇಲ್ಲ ಅಂತ ಕಣ್ಣಾರೆ ನೋಡಿಯೇ ರಸ್ತೆಗೆ ಇಳಿಯಿರಿ. ಒಮ್ಮೆ ಅಲುಗಿದ ಹಳೆ ರಬ್ಬರ್ ಮತ್ತೆ ಮೊದಲಿನ ಹಾಗೆ ಕೂರುತ್ತದೆ ಅಂತ ನಂಬಬೇಡಿ.

ಜಾಕ್ ಬಗ್ಗೆ ಎರಡು ಮಾತು. ಬರಿ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಟ್ಟಿಗೆ ಪೇರಿಸಿ ಸ್ಟ್ಯಾಂಡ್ ಮಾಡುವುದನ್ನು ನೋಡಿದ್ದೇನೆ. ಇಟ್ಟಿಗೆ ಒಡೆಯುವ ಮುಂಚೆ ಹೇಳಿಕೇಳಿ ಒಡೆಯುವುದಿಲ್ಲ. ಕಚ್ಚಿದ ಫಿಲ್ಟರ್ ಬಿಡಿಸುವಾಗ ನಾವು ಗಾಡಿಯನ್ನು ಕೆಳಗಿನಿಂದ ಜೋರಾಗಿ ಎಳೆದಾಡುತ್ತೇವೆ, ಅದಕ್ಕೇ ಇಲ್ಲಿ ಇದು ಇನ್ನೂ ಮುಖ್ಯ.

ಕಚ್ಚಿಕೊಂಡಿರುವುದು ಯಾವುದು?

ಫಿಲ್ಟರ್ ಬರಲಿಲ್ಲ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವ ಮಾತು "ಥ್ರೆಡ್ ತುಕ್ಕು ಹಿಡಿದಿರಬೇಕು." ಥ್ರೆಡ್ ಅಂದರೆ ಫಿಲ್ಟರ್ ತಿರುಗಿಸಿ ಕೂರಿಸುವ ತಿರುಪಿನ ಎಳೆ. ಮುಕ್ಕಾಲು ಪಾಲು ಸಲ ಈ ಮಾತು ತಪ್ಪು. ಡಬ್ಬಿ ಥರದ ಫಿಲ್ಟರನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಬಾಯಿ ಕಡೆ ಒಂದು ದಪ್ಪ ಉಕ್ಕಿನ ತಟ್ಟೆ ಇರುತ್ತದೆ. ತಟ್ಟೆಯ ನಡುವೆ ಥ್ರೆಡ್ ಇರುವ ದೊಡ್ಡ ತೂತು. ಅದರ ಸುತ್ತ ಸಣ್ಣ ಸಣ್ಣ ತೂತುಗಳ ಸಾಲು. ಎಲ್ಲಕ್ಕಿಂತ ಹೊರಗೆ, ಅಂಚಿನ ಹತ್ತಿರ, ರಬ್ಬರ್ ರಿಂಗ್. ಕೊಳೆ ಆಯಿಲ್ ಸಣ್ಣ ತೂತುಗಳಿಂದ ಒಳಗೆ ಹೋಗುತ್ತದೆ, ಮಡಿಸಿದ ಕಾಗದದ ಮೂಲಕ ಸೋಸಿಕೊಂಡು ನಡುವಿನ ತೂತಿನಿಂದ ಇಂಜಿನ್ನಿಗೆ ವಾಪಸ್ ಬರುತ್ತದೆ. ಅಂದರೆ ನಡುವಿನ ಥ್ರೆಡ್ ಸದಾ ಆಯಿಲಿನಲ್ಲೇ ಮುಳುಗಿರುತ್ತದೆ. ಅಲ್ಲಿ ತುಕ್ಕು ಹಿಡಿಯಲು ಅವಕಾಶ ಎಲ್ಲಿ? ಹೊರಗೆ ಕಾಣುವ ತುಕ್ಕು ತಗಡಿನ ಬಣ್ಣ ಹೋಗಿ ಬಂದದ್ದು.

ಕಚ್ಚಿಕೊಳ್ಳುವುದು ರಬ್ಬರ್ ರಿಂಗ್. ಅದು ಇಂಜಿನ್ನಿನ ಚಪ್ಪಟೆ ಮುಖಕ್ಕೆ ಒತ್ತಿಕೊಂಡು ಕೂತಿರುತ್ತದೆ. ಆಯಿಲ್ ಬಿಸಿ ಸಾಮಾನ್ಯ ಓಡಾಟದಲ್ಲೇ 90, 100 ಡಿಗ್ರಿ ಮುಟ್ಟುತ್ತದೆ. ಒತ್ತಡ, ಬಿಸಿ, ಆಮೇಲೆ ತಣಿವು, ಮತ್ತೆ ಬಿಸಿ. ಹೀಗೆ ತಿಂಗಳುಗಟ್ಟಲೆ ನಡೆದರೆ ರಬ್ಬರ್ ಗಟ್ಟಿಯಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಹಾಕುವಾಗ ರಿಂಗಿಗೆ ಆಯಿಲ್ ಸವರದೆ ಒಣಗಿದ್ದನ್ನೇ ಹಾಕಿದ್ದರೆ ಇನ್ನೂ ಕಷ್ಟ. ಒಣ ರಬ್ಬರ್ ಬಿಗಿ ಮಾಡುವಾಗಲೇ ತಿರುಚಿಕೊಂಡು ಹಿಡಿಯುತ್ತದೆ. ಕೊನೆಯದಾಗಿ ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ಕಾಣುವ ಕಾರಣ: ಕಳೆದ ಸಲ ಹಾಕಿದವರು ಕೈಯಲ್ಲಿ ಬಿಗಿ ಮಾಡಿ ಸಾಲದು ಅಂತ ಪಾನ (ಸ್ಪ್ಯಾನರ್) ಹಾಕಿ ಇನ್ನೊಂದು ಸುತ್ತು ಎಳೆದಿರುತ್ತಾರೆ. ನನ್ನ ಗಾಡಿಯಲ್ಲಿ ಆಗಿದ್ದೂ ಅದೇ. ಅದಕ್ಕಿಂತ ಮುಂಚಿನ ಸರ್ವೀಸ್ ಮಾಡಿದ್ದು ಹೆದ್ದಾರಿ ಬದಿಯ ಒಂದು ಗ್ಯಾರೇಜ್. ಹುಡುಗ ಕೆಲಸ ಬೇಗ ಮುಗಿಸಿ ಕಳಿಸಿದ್ದ, ನಾನೂ ಖುಷಿಯಲ್ಲೇ ಬಂದಿದ್ದೆ.

ಹಾಗಾದರೆ ಕೈಯಿಂದ ಯಾಕೆ ಬರುವುದಿಲ್ಲ? ಸಣ್ಣ ಕಾರುಗಳ ಫಿಲ್ಟರ್ ಸಾಮಾನ್ಯವಾಗಿ 65ರಿಂದ 70 ಮಿಲಿಮೀಟರ್ ಅಗಲ. ನಡುವಿನಿಂದ ನಿಮ್ಮ ಬೆರಳಿಗೆ ಹೆಚ್ಚೆಂದರೆ 35 ಮಿಲಿಮೀಟರ್. ರಬ್ಬರ್ ರಿಂಗಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಅಂದರೆ ಮೀಟುಗೋಲಿನ ಲಾಭ ನಿಮಗೆ ಸೊನ್ನೆ. ರಬ್ಬರ್ ಎಷ್ಟು ಬಲವಾಗಿ ಹಿಡಿದಿದೆಯೋ ಅಷ್ಟೇ ಬಲ ಬೆರಳಿನಿಂದ ಬರಬೇಕು, ಅದೂ ಆಯಿಲ್ ಮೆತ್ತಿದ ಬೆರಳಿನಿಂದ. 200 ಮಿಲಿಮೀಟರ್ ಉದ್ದದ ಹಿಡಿ ಸಿಕ್ಕರೆ ಅದೇ ಬಲ ಹತ್ತಿರ ಹತ್ತಿರ ಆರು ಪಟ್ಟು ಆಗುತ್ತದೆ. ಅದಕ್ಕೇ ತೋಳ್ಬಲ ತೋರಿಸುವ ಬದಲು ಪಾನ ಹುಡುಕುವುದು ಜಾಣತನ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ ಅನ್ನುವುದೂ ಇದೇ ಕಾರಣಕ್ಕೆ. ಒತ್ತಿ ಕೂತ ರಬ್ಬರಿನ ಒಳಗೆ ಅದು ಇಳಿಯುವುದಿಲ್ಲ. ತಗಡಿನ ಮೇಲೆ ಇಳಿದು ಇದ್ದ ಹಿಡಿತವನ್ನೂ ಕಳೆಯುತ್ತದೆ.

ಕೈಗೆ ಏನು ಅನಿಸುತ್ತಿದೆ ಅಂತ ಗಮನಿಸಿ

*ಕೈ ಜಾರುತ್ತಿದೆ, ಫಿಲ್ಟರ್ ನಿಂತಲ್ಲೇ ಇದೆ.* ಇದು ಕಚ್ಚಿದ್ದು ಅಂತ ಈಗಲೇ ಹೇಳಲು ಆಗದು. ಹಿಡಿತವೇ ಸಿಕ್ಕಿಲ್ಲ. ಫಿಲ್ಟರನ್ನು ಬನಿಯನ್ ವೇಸ್ಟಿನಿಂದ ಒರೆಸಿ. ಸ್ವಲ್ಪ ಪೆಟ್ರೋಲ್ ಹಚ್ಚಿದ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಬಹುದು, ಆದರೆ ಇಂಜಿನ್ ತಣ್ಣಗಿದ್ದಾಗ ಮಾತ್ರ. ಆಮೇಲೆ ಸ್ಯಾಂಡ್ ಪೇಪರಿನ ಒರಟು ಮುಖ ಫಿಲ್ಟರ್ ಕಡೆ ಬರುವ ಹಾಗೆ ಸುತ್ತಿ ಹಿಡಿದು ನೋಡಿ. ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೂ ಆದೀತು. ನೂರಕ್ಕೆ ಎಷ್ಟೋ ಫಿಲ್ಟರ್ ಇಷ್ಟಕ್ಕೇ ಬಂದುಬಿಡುತ್ತವೆ.

*ಹಿಡಿತ ಗಟ್ಟಿ ಇದೆ, ಆದರೂ ಕಲ್ಲಿನ ಹಾಗಿದೆ.* ಮೊದಲು ತಿರುಗಿಸುತ್ತಿರುವ ದಿಕ್ಕು ಸರಿಯಿದೆಯಾ ನೋಡಿ. ನಗಬೇಡಿ. ಫಿಲ್ಟರಿನ ಮುಚ್ಚಿದ ತುದಿ ನಿಮ್ಮ ಮುಖಕ್ಕೆ ಇದ್ದಾಗ ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಬೇಕು. ಆದರೆ ಕೆಲವು ಗಾಡಿಯಲ್ಲಿ ಫಿಲ್ಟರ್ ಅಡ್ಡ ಕೂತಿರುತ್ತದೆ, ನಾವು ಹಿಂದುಗಡೆಯಿಂದ, ಇಂಜಿನ್ ಕಡೆಯಿಂದ ಕೈ ತೂರಿಸಿರುತ್ತೇವೆ. ಆಗ ಎಲ್ಲ ತಿರುಗುಮುರುಗು. ಬಿಚ್ಚುತ್ತಿದ್ದೇನೆ ಅಂದುಕೊಂಡು ಹತ್ತು ನಿಮಿಷ ಬಿಗಿ ಮಾಡಿದವರನ್ನು ನಾನು ಬಲ್ಲೆ. ಮಾರ್ಕರ್ ಪೆನ್ನಿನಲ್ಲಿ ಡಬ್ಬಿಯ ಮೇಲೆ ಬಾಣದ ಗುರುತು ಹಾಕಿಕೊಳ್ಳಿ.

*ಫಿಲ್ಟರ್ ತಿರುಗಿತು, ಆದರೆ ಅದರ ಹಿಂದಿನ ತಟ್ಟೆಯೂ ತಿರುಗಿತು.* ತಕ್ಷಣ ನಿಲ್ಲಿಸಿ. ಕೆಲವು ಇಂಜಿನ್‌ಗಳಲ್ಲಿ ಬ್ಲಾಕ್ (ಇಂಜಿನ್ನಿನ ಮುಖ್ಯ ಮೈ) ಮತ್ತು ಫಿಲ್ಟರ್ ನಡುವೆ ಆಯಿಲ್ ತಣಿಸುವ ಕೂಲರ್ ಇರುತ್ತದೆ. ಕೂಲಂಟ್ ನೀರಿನ ಪೈಪು ಅದಕ್ಕೆ ಸೇರಿರುತ್ತದೆ. ಫಿಲ್ಟರ್ ಬಿಡದೆ ಕೂಲರ್ ಜೊತೆಗೇ ತಿರುಗಿದರೆ ಪೈಪು ತಿರುಚಿಕೊಂಡು ಹೊಸ ತಲೆನೋವು. ಇಲ್ಲಿಂದ ಮುಂದೆ ಮನೆ ಕೆಲಸ ಅಲ್ಲ.

*ತಗಡು ಸುಕ್ಕಾಗುತ್ತಿದೆ.* ಪಾನ ತಪ್ಪು ಜಾಗದಲ್ಲಿದೆ. ಡಬ್ಬಿಯ ತಗಡು ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ ಅಷ್ಟೇ. ನಡುವಿನಲ್ಲಿ ಹಿಡಿದರೆ ಅಮುಕುತ್ತದೆ. ಆದರೆ ಬಾಯಿ ಕಡೆ ಒಳಗೆ ದಪ್ಪ ತಟ್ಟೆ ಇದೆಯಲ್ಲ, ಅಲ್ಲಿ ತಗಡಿಗೆ ಬೆನ್ನೆಲುಬು ಇರುತ್ತದೆ. ಪಟ್ಟಿ, ಚೈನ್, ಇಕ್ಕಳ ಯಾವುದೇ ಇರಲಿ, ಇಂಜಿನ್ನಿಗೆ ಎಷ್ಟು ಹತ್ತಿರ ಹೋಗುತ್ತದೋ ಅಷ್ಟು ಹತ್ತಿರ ಹಾಕಿ.

*ಸ್ವಲ್ಪ ತಿರುಗಿ ಮತ್ತೆ ನಿಂತಿತು.* ರಬ್ಬರ್ ಬಿಟ್ಟಿದೆ, ಈಗ ಥ್ರೆಡ್ ಎಳೆಯುತ್ತಿದೆ. ಅಪರೂಪ, ಆದರೆ ಆಗುತ್ತದೆ. ಹಿಂದೆ ಯಾರೋ ಓರೆಯಾಗಿ ಏರಿಸಿರಬಹುದು, ಅಥವಾ ಬೇರೆ ಥ್ರೆಡ್ಡಿನ ಫಿಲ್ಟರ್ ಹಾಕಿರಬಹುದು. ಮಾರುಕಟ್ಟೆಯಲ್ಲಿ 20 ಮಿಲಿಮೀಟರ್ ಅಗಲದ, ಎಳೆಯಿಂದ ಎಳೆಗೆ 1.5 ಮಿಲಿಮೀಟರ್ ದೂರದ ಥ್ರೆಡ್ಡಿನದೂ ಇದೆ, ಮುಕ್ಕಾಲು ಇಂಚು ಅಗಲದ, ಇಂಚಿಗೆ 16 ಎಳೆಯದೂ ಇದೆ. ಮುಕ್ಕಾಲು ಇಂಚು ಅಂದರೆ 19.05 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಜೋರು ಮಾಡದೆ ಕಾಲು ಸುತ್ತು ಬಿಗಿ ಮಾಡುವ ಕಡೆ, ಅರ್ಧ ಸುತ್ತು ಬಿಚ್ಚುವ ಕಡೆ ಅಂತ ಆಡಿಸುತ್ತಾ ಬಿಡಿಸಿ. ಹೊರಬಂದ ಮೇಲೆ ಇಂಜಿನ್ ಕಡೆಯ ಥ್ರೆಡ್ ಹೇಗಿದೆ ಅಂತ ಬೆಳಕು ಹಾಕಿ ನೋಡಿ. ತಿಂದುಹೋಗಿದ್ದರೆ ಹೊಸ ಫಿಲ್ಟರ್ ಹಾಕಬೇಡಿ.

ಬಿಡಿಸುವ ಕೆಲಸ

ಇಂಜಿನ್ ಪೂರ್ತಿ ತಣ್ಣಗಿದ್ದರೆ ರಬ್ಬರ್ ಗಟ್ಟಿ. ಪೂರ್ತಿ ಬಿಸಿ ಇದ್ದರೆ ನಿಮ್ಮ ಕೈ ಸುಡುತ್ತದೆ, ಪಕ್ಕದಲ್ಲೇ ಸೈಲೆನ್ಸರ್ ಪೈಪು ಇದ್ದರಂತೂ ಕೇಳಲೇಬೇಡಿ. ನಾಲ್ಕೈದು ನಿಮಿಷ ಇಂಜಿನ್ ಓಡಿಸಿ, ಆರಿಸಿ, ಒಂದು ಕಾಫಿ ಕುಡಿದು ಬನ್ನಿ. ಕೈಯಲ್ಲಿ ಹಿಡಿಯುವಷ್ಟು ಬೆಚ್ಚಗಿದ್ದಾಗ ರಬ್ಬರ್ ಸ್ವಲ್ಪ ಮೆತ್ತಗಿರುತ್ತದೆ. ಅದೇ ಸರಿಯಾದ ಹೊತ್ತು.

ಪಾನಗಳಲ್ಲಿ ನನ್ನ ಮೊದಲ ಆಯ್ಕೆ ಬಟ್ಟಲು ಪಾನ. ಫಿಲ್ಟರಿನ ತಲೆಯ ಮೇಲೆ ಟೋಪಿ ಥರ ಕೂರುತ್ತದೆ, ರ‍್ಯಾಚೆಟ್ (ಒಂದೇ ದಿಕ್ಕಿಗೆ ಹಿಡಿಯುವ ಹಿಡಿ) ಹಾಕಿ ತಿರುಗಿಸುವುದು. ಆದರೆ ಅಳತೆ ಕರೆಕ್ಟಾಗಿ ಹೊಂದಬೇಕು. ಫಿಲ್ಟರ್ ತುದಿಯ ಅಗಲ ಎಷ್ಟು, ಅದರಲ್ಲಿ ಎಷ್ಟು ಮಡಿಕೆ ಇದೆ ಎರಡೂ ನೋಡಿ ಕೊಳ್ಳಬೇಕು. 65 ಮಿಲಿಮೀಟರ್, 14 ಮಡಿಕೆ ಅನ್ನುವ ಹಾಗೆ. ಹಳೆ ಫಿಲ್ಟರ್ ಬೇರೆ ಕಂಪನಿಯದಾಗಿದ್ದರೆ ಮಡಿಕೆಯೂ ಬೇರೆ, ಅದನ್ನು ಮರೆತು ಹೊಸ ಫಿಲ್ಟರಿನ ಅಳತೆ ನೋಡಿ ಪಾನ ತಂದು ಪೆಚ್ಚಾಗುವುದು ಮಾಮೂಲು. ಸಡಿಲವಾಗಿ ಕೂತರೆ ಒತ್ತಾಯ ಮಾಡಬೇಡಿ, ಮಡಿಕೆ ಸವೆದು ತಲೆ ದುಂಡಗಾಗುತ್ತದೆ.

ಅಳತೆ ಗೊಂದಲ ಬೇಡ ಅನ್ನುವವರಿಗೆ ಮೂರು ಬೆರಳಿನ ಪಾನ. ಮೂರು ಕಾಲು ಫಿಲ್ಟರನ್ನು ತಬ್ಬಿಕೊಳ್ಳುತ್ತವೆ. ತಿರುಗಿಸಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಫಿಲ್ಟರಿನ ತುದಿಯ ಮುಂದೆ ರ‍್ಯಾಚೆಟ್ ಹಿಡಿಸುವಷ್ಟು ಜಾಗ ಇರಬೇಕು, ಇದೊಂದೇ ಷರತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಗೆ ಹೋದರೆ ಎರಡೂ ಥರದ್ದು ಕೈಗೆ ಕೊಟ್ಟು ತೋರಿಸುತ್ತಾರೆ. ಹಳೆ ಫಿಲ್ಟರಿನ ಫೋಟೋ, ಸುತ್ತಳತೆ ತೆಗೆದುಕೊಂಡು ಹೋಗಿ.

ಪಕ್ಕದಿಂದ ಮಾತ್ರ ಕೈ ಹೋಗುವ ಜಾಗವಾದರೆ ಪಟ್ಟಿ ಪಾನ ಅಥವಾ ಚೈನ್ ಪಾನ. ಪಟ್ಟಿ ಜಾರಿದರೆ ಅದರ ಅಡಿಗೆ ಸ್ಯಾಂಡ್ ಪೇಪರ್ ಅಥವಾ ಟ್ಯೂಬ್ ತುಂಡು ಕೊಡಿ. ಚೈನ್ ಜಾರುವುದಿಲ್ಲ, ಆದರೆ ತಗಡು ಕಡಿಯುತ್ತದೆ. ಫಿಲ್ಟರ್ ಹೇಗೂ ಬಿಸಾಡುವುದೇ, ಕಡಿದರೆ ಕಡಿಯಲಿ. ತೂತಾಗದಿದ್ದರೆ ಸಾಕು. ದೊಡ್ಡ ಬಾಯಿಯ ಪೈಪ್ ಇಕ್ಕಳ ಇದ್ದರೂ ನಡೆಯುತ್ತದೆ.

ಪಾನ ಕೂತ ಮೇಲೆ ಒಂದೇ ಸಮ ಎಳೆಯುತ್ತಾ ಹಲ್ಲು ಕಚ್ಚಬೇಡಿ. ಹಿಡಿಗೆ ಬಿಚ್ಚುವ ದಿಕ್ಕಿನಲ್ಲಿ ಸ್ವಲ್ಪ ಒತ್ತಡ ಕೊಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಸಣ್ಣ ಸುತ್ತಿಗೆಯಿಂದ ಹಿಡಿಯ ತುದಿಗೆ ಟಕ್ ಟಕ್ ಅಂತ ಸಣ್ಣ ಏಟು ಕೊಡಿ. ಅಂಟಿಕೊಂಡ ರಬ್ಬರ್ ಎಳೆತಕ್ಕಿಂತ ಏಟಿಗೆ ಬೇಗ ಬಿಡುತ್ತದೆ. ಬಿಟ್ಟಾಗ 'ಕಟ್' ಅಂತ ಒಂದು ಸಣ್ಣ ಸದ್ದು ಬರುತ್ತದೆ. ಆ ಸದ್ದು ಕೇಳಿದ ಮೇಲೆ ಉಳಿದದ್ದು ಕೈಯಲ್ಲೇ ಬರುತ್ತದೆ. ನನಗಂತೂ ಈ ಕೆಲಸದಲ್ಲಿ ಅದಕ್ಕಿಂತ ಇಂಪಾದ ಸದ್ದು ಇನ್ನೊಂದಿಲ್ಲ.

ಇಷ್ಟಕ್ಕೂ ಬರಲಿಲ್ಲವಾ? ಇಲ್ಲಿ ಒಂದು ಗೆರೆ ಎಳೆಯಿರಿ. ಆಯಿಲ್ ಇನ್ನೂ ಇಳಿಸಿಲ್ಲ, ಫಿಲ್ಟರ್ ಸುಕ್ಕಾಗಿದ್ದರೂ ತೂತಾಗಿಲ್ಲ. ಇಂಜಿನ್ ಓಡಿಸಿ ನೋಡಿ, ಸೋರಿಕೆ ಇಲ್ಲದಿದ್ದರೆ ಗ್ಯಾರೇಜಿಗೆ ಹೋಗಿ. ಅಥವಾ ಹಳೆ ಫಿಲ್ಟರ್ ಇಟ್ಟುಕೊಂಡೇ ಆಯಿಲ್ ಮಾತ್ರ ಬದಲಾಯಿಸಿ. ಫಿಲ್ಟರಿನಲ್ಲಿ ಉಳಿಯುವ ಹಳೆ ಆಯಿಲ್ ಒಂದು ಲೋಟದಷ್ಟು. ಚಂದದ ಕೆಲಸ ಅಲ್ಲ, ಆದರೆ ಒಂದೆರಡು ವಾರದಲ್ಲಿ ಫಿಲ್ಟರ್ ಬದಲಾಯಿಸಿದರೆ ಇಂಜಿನ್ನಿಗೆ ಏನೂ ಆಗುವುದಿಲ್ಲ. ಹರಿದ ಫಿಲ್ಟರ್ ಇಟ್ಟುಕೊಂಡು ಸಂಜೆವರೆಗೆ ಒದ್ದಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಆಗಲೇ ಹರಿದುಬಿಟ್ಟಿದ್ದರೆ

ಸ್ಕ್ರೂಡ್ರೈವರ್ ಉಪಾಯ ಕೆಲವೊಮ್ಮೆ ಕೆಲಸ ಮಾಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಕೆಲಸ ಮಾಡುವ ಫಿಲ್ಟರ್ ಒಳ್ಳೆ ಪಾನಕ್ಕೂ ಬಂದೇ ಬರುತ್ತಿತ್ತು. ನಿಜವಾಗಿ ಕಚ್ಚಿದ ಫಿಲ್ಟರಿನಲ್ಲಿ ತಗಡು ಸೋಲುತ್ತದೆ, ರಬ್ಬರ್ ಗೆಲ್ಲುತ್ತದೆ. ಹೊಡೆಯಲೇಬೇಕಾದರೆ ಬಾಯಿ ಕಡೆ ನಟ್ಟನಡುವೆ ಹೊಡೆಯಬೇಡಿ. ಇಂಜಿನ್ನಿನ ಸ್ಟಡ್ (ಫಿಲ್ಟರ್ ತಿರುಗಿಸಿ ಕೂರಿಸುವ, ಥ್ರೆಡ್ ಇರುವ ಟೊಳ್ಳು ಕೊಳವೆ) ಫಿಲ್ಟರಿನ ಒಳಗೆ ಒಂದಷ್ಟು ಚಾಚಿಕೊಂಡಿರುತ್ತದೆ, ಅದಕ್ಕೆ ತಾಗಿದರೆ ಥ್ರೆಡ್ ಹಾಳು.

ಹರಿದ ಮೇಲೆ ಹರಿದದ್ದನ್ನೇ ತಿರುಚುತ್ತಾ ಕೂರಬೇಡಿ. ತಗಡನ್ನು ಕತ್ತರಿಸಿ ತೆಗೆಯಿರಿ, ಒಳಗಿನ ಕಾಗದದ ಉರುಳೆ ಎಳೆದು ತೆಗೆಯಿರಿ. ಅಂಚು ಬ್ಲೇಡಿನ ಹಾಗಿರುತ್ತದೆ, ದಪ್ಪ ಗ್ಲೌಸ್ ಬೇಕೇ ಬೇಕು. ಕೊನೆಗೆ ಉಳಿಯುವುದು ಆ ದಪ್ಪ ತಟ್ಟೆ, ಅದರ ತೂತುಗಳ ಸಾಲು. ನೋಡಲು ಭಯ ಆಗುತ್ತದೆ. ಅಸಲಿಗೆ ಈಗ ಕೆಲಸ ಸುಲಭ, ಯಾಕೆಂದರೆ ಈಗ ನಿಮ್ಮ ಕೈಯಲ್ಲಿ ಗಟ್ಟಿ ಲೋಹ ಇದೆ.

ಅವತ್ತು ಆ ಮೆಕ್ಯಾನಿಕ್ ಮಾಡಿದ್ದು ಇದು. ಒಂದು ಗೇಣುದ್ದದ ಕಬ್ಬಿಣದ ಪಟ್ಟಿ ತೆಗೆದುಕೊಂಡರು. ತಟ್ಟೆಯ ಎದುರುಬದುರಿನ ಎರಡು ಸಣ್ಣ ತೂತುಗಳ ನಡುವಿನ ದೂರವನ್ನು ಬೆಂಕಿಕಡ್ಡಿಯಲ್ಲಿ ಅಳೆದರು. ಪಟ್ಟಿಗೆ ಅದೇ ದೂರದಲ್ಲಿ ಎರಡು ತೂತು ಕೊರೆದು, ಎರಡು ಸಣ್ಣ ಬೋಲ್ಟ್ ಹಾಕಿ ಬಿಗಿ ಮಾಡಿದರು. ನಡುವಿನ ಸ್ಟಡ್ ಅಡ್ಡ ಬಾರದಿರಲಿ ಅಂತ ಬೋಲ್ಟ್ ಉದ್ದದ್ದೇ ಹಾಕಿದ್ದರು. ಬೋಲ್ಟಿನ ತುದಿಗಳನ್ನು ತಟ್ಟೆಯ ತೂತುಗಳಿಗೆ ಕೂರಿಸಿ ಪಟ್ಟಿಯ ತುದಿಗೆ ಸುತ್ತಿಗೆಯಿಂದ ಎರಡು ಏಟು. 'ಕಟ್'. ಕೈಯಲ್ಲಿ ತಿರುಗಿಸಿ ತೆಗೆದು ನನ್ನ ಕೈಗಿಟ್ಟರು. ಪಟ್ಟಿ ಮಾಡಿಕೊಳ್ಳಲು ಹದಿನೈದು ನಿಮಿಷ, ಬಿಚ್ಚಲು ಹದಿನೈದು ಸೆಕೆಂಡ್.

ತಟ್ಟೆಯ ಅಂಚಿಗೆ ಉಳಿ ಕೊಟ್ಟು ಹೊಡೆದು ತಿರುಗಿಸುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಫಿಲ್ಟರ್ ಕೂರುವ ಮುಖ ಬಹಳ ಇಂಜಿನ್‌ಗಳಲ್ಲಿ ಅಲ್ಯೂಮಿನಿಯಂ. ಉಳಿ ಒಮ್ಮೆ ಜಾರಿ ಅಲ್ಲಿ ಗೀರು ಬಿದ್ದರೆ ಹೊಸ ಫಿಲ್ಟರ್ ಎಷ್ಟೇ ಬಿಗಿ ಮಾಡಿದರೂ ಸೋರುತ್ತದೆ.

ಇನ್ನೊಂದು ವಿಷಯ ಎಲ್ಲರೂ ಮರೆಯುವುದು. ಕತ್ತರಿಸುವಾಗ, ಹೊಡೆಯುವಾಗ ಲೋಹದ ಚೂರು ಉದುರುತ್ತದೆ. ಹೊರಗಿನ ಸಾಲಿನ ಕಡೆ ಬಿದ್ದದ್ದನ್ನು ಹೊಸ ಫಿಲ್ಟರ್ ಹಿಡಿಯುತ್ತದೆ. ನಡುವಿನ ಸ್ಟಡ್ಡಿನ ತೂತಿಗೆ ಬಿದ್ದದ್ದು ಸೋಸದೆ ಸೀದಾ ಬೇರಿಂಗಿಗೆ ಹೋಗುತ್ತದೆ. ತಟ್ಟೆ ಕಂಡ ಕೂಡಲೇ ಆ ನಡುವಿನ ತೂತಿಗೆ ನೂಲು ಬಿಡದ ಬಟ್ಟೆಯ ತುಂಡು ಸಿಕ್ಕಿಸಿ, ತುದಿ ಹೊರಗೆ ಕಾಣುವ ಹಾಗೆ. ಹೊಸ ಫಿಲ್ಟರ್ ಹಾಕುವ ಮುಂಚೆ ಅದನ್ನು ತೆಗೆಯುವುದನ್ನೂ ಮರೆಯಬೇಡಿ.

ಕೆಲವೊಮ್ಮೆ ಫಿಲ್ಟರ್ ಜೊತೆ ಸ್ಟಡ್ಡೇ ಬಂದುಬಿಡುತ್ತದೆ. ಗಾಬರಿ ಬೇಡ, ಅದು ಎರಡೂ ಕಡೆ ಥ್ರೆಡ್ ಇರುವ ಬೇರೆ ತುಂಡು. ಫಿಲ್ಟರಿನಿಂದ ಬಿಡಿಸಿ, ಆಯಿಲ್ ಪೂರ್ತಿ ತೆಗೆದು ಒಣಗಿಸಿ, ಇಂಜಿನ್ ಕಡೆಗೆ ಥ್ರೆಡ್ ಲಾಕರ್ ಅಂಟು ಹಚ್ಚಿ ಕೂರಿಸಬೇಕು. ಇದನ್ನು ಮಾತ್ರ ಗೊತ್ತಿದ್ದವರ ಕೈಲಿ ಮಾಡಿಸಿ.

ನಿಮ್ಮ ಗಾಡಿಯಲ್ಲಿ ಡಬ್ಬಿ ಇಲ್ಲ, ಪ್ಲಾಸ್ಟಿಕ್ ಮುಚ್ಚಳ ಇದೆ, ಒಳಗೆ ಬರಿ ಕಾಗದದ ಉರುಳೆ ಅಂದರೆ ಮೇಲಿನ ಒರಟಾಟ ಯಾವುದೂ ಬೇಡ. ಮುಚ್ಚಳ ಒಡೆಯುತ್ತದೆ. ಸರಿಯಾದ ಅಳತೆಯ ಸಾಕೆಟ್, ಬೆಚ್ಚಗಿನ ಇಂಜಿನ್, ಮೆಲ್ಲಗೆ ಒಂದೇ ಸಮ ತಿರುಗಿಸುವುದು. ಅಷ್ಟೇ.

ಬಂದ ಮೇಲೆ ಮೊದಲ ನೋಟ

ಫಿಲ್ಟರ್ ಕೈಗೆ ಬಂದ ಖುಷಿಯಲ್ಲಿ ಅದನ್ನು ಪಕ್ಕಕ್ಕೆ ಎಸೆಯಬೇಡಿ. ತಿರುಗಿಸಿ ಬಾಯಿ ನೋಡಿ. ರಬ್ಬರ್ ರಿಂಗ್ ಇದೆಯಾ? ಇಲ್ಲದಿದ್ದರೆ ಅದು ಇಂಜಿನ್ನಿಗೆ ಅಂಟಿಕೊಂಡು ಅಲ್ಲೇ ಕೂತಿದೆ. ಕಚ್ಚಿದ ಫಿಲ್ಟರುಗಳಲ್ಲಿ ಇದು ಜಾಸ್ತಿ. ಕಪ್ಪು ಲೋಹದ ಮೇಲೆ ಕಪ್ಪು ರಬ್ಬರ್, ಕಣ್ಣಿಗೆ ಕಾಣುವುದೇ ಇಲ್ಲ. ಬೆರಳಾಡಿಸಿ ನೋಡಿ, ಉಗುರಿನಲ್ಲಿ ಎಬ್ಬಿಸಿ ತೆಗೆಯಿರಿ. ಸ್ಕ್ರೂಡ್ರೈವರಿನಲ್ಲಿ ಕೆರೆಯಬೇಡಿ.

ಹಳೆ ರಿಂಗ್ ಅಲ್ಲೇ ಬಿಟ್ಟು ಹೊಸ ಫಿಲ್ಟರ್ ಏರಿಸಿದರೆ ರಬ್ಬರಿನ ಮೇಲೆ ರಬ್ಬರ್ ಕೂರುತ್ತದೆ. ಬಿಗಿಯಾದ ಹಾಗೇ ಅನಿಸುತ್ತದೆ. ಇಂಜಿನ್ ಶುರುವಾಗಿ ಆಯಿಲ್ ಒತ್ತಡ ಏರಿದ ಮೇಲೆ ಒಂದು ರಿಂಗ್ ಪಕ್ಕಕ್ಕೆ ಜಾರಿ ಆಯಿಲ್ ಚಿಮ್ಮುತ್ತದೆ. ರಸ್ತೆಯಲ್ಲಿ ಆದರೆ ಆಯಿಲಿನ ಕೆಂಪು ದೀಪ ಹತ್ತಿದ್ದು ನೀವು ಗಮನಿಸುವ ಹೊತ್ತಿಗೆ ಇಂಜಿನ್ ಜಾಮ್ ಆಗಿ ಹಾಳಾಗಿರಬಹುದು. ಇಡೀ ಬರಹದಲ್ಲಿ ದುಡ್ಡಿನ ಲೆಕ್ಕದಲ್ಲಿ ಅತಿ ದೊಡ್ಡ ತಪ್ಪು ಇದೇ.

ಮುಂದಿನ ಸಲ ಕಚ್ಚದ ಹಾಗೆ

ಮುಖ ಒರೆಸಿ. ಹೊಸ ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ತೆಳ್ಳಗೆ ಸವರಿ. ಫಿಲ್ಟರ್ ಬಾಯಿ ಮೇಲಾಗಿ ಕೂರುವ ಗಾಡಿಯಾದರೆ ಒಳಗೂ ಅರ್ಧ ಆಯಿಲ್ ತುಂಬಬಹುದು. ಕೈಯಿಂದಲೇ ಏರಿಸಿ, ಮೊದಲ ಎರಡು ಸುತ್ತು ಬೆರಳ ತುದಿಯಲ್ಲಿ ಸಲೀಸಾಗಿ ಹೋಗಬೇಕು. ರಬ್ಬರ್ ಲೋಹಕ್ಕೆ ತಾಗಿತು ಅಂತ ಕೈಗೆ ಗೊತ್ತಾದಾಗ ನಿಲ್ಲಿಸಿ ಮಾರ್ಕರಿನಲ್ಲಿ ಒಂದು ಗೆರೆ ಹಾಕಿ. ಅಲ್ಲಿಂದ ಮುಕ್ಕಾಲು ಸುತ್ತು. ಬಹಳ ಫಿಲ್ಟರುಗಳ ಮೇಲೆ ಚಿತ್ರ ಸಮೇತ ಹೀಗೇ ಬರೆದಿರುತ್ತದೆ. ನಿಮ್ಮದರ ಮೇಲೆ ಬೇರೆ ಬರೆದಿದ್ದರೆ ಅದರಂತೆ ಮಾಡಿ. ಪಾನ ಹಾಕಬೇಡಿ. ಆಯಿಲ್ ಕೈಯಲ್ಲಿ ಮುಕ್ಕಾಲು ಸುತ್ತು ಹೋಗುತ್ತಿಲ್ಲವಾ, ಕೈ ಒರೆಸಿಕೊಂಡು ಒಣ ಬಟ್ಟೆ ಹಿಡಿದು ತಿರುಗಿಸಿ.

"ಇಷ್ಟು ಸಾಕಾ, ಬಿಚ್ಚಿಹೋಗಲ್ವಾ?" ಅಂತ ನಾನೂ ಅವತ್ತು ಕೇಳಿದ್ದೆ. ಆ ಮೆಕ್ಯಾನಿಕ್ ನಕ್ಕರು. "ಹಿಂದಿನೋರೂ ಹಂಗೇ ಅನ್ಕೊಂಡು ಎಳೆದಿದ್ದು ಸಾರ್."

ಗಾಡಿ ಪುಸ್ತಕದಲ್ಲಿ ಹೇಳಿದಷ್ಟು ಆಯಿಲ್ ಸುರಿದು ಇಂಜಿನ್ ಶುರು ಮಾಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಇಂಜಿನ್ ಆರಿಸಿ. ಎರಡು ನಿಮಿಷ ಓಡಿಸಿ, ಟಾರ್ಚ್ ಹಿಡಿದು ಫಿಲ್ಟರಿನ ಸುತ್ತ, ಡ್ರೈನ್ ಬೋಲ್ಟಿನ ಸುತ್ತ ನೋಡಿ. ಆರಿಸಿ ಐದು ನಿಮಿಷ ಬಿಟ್ಟು, ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿ, ಕಡಿಮೆ ಇದ್ದರೆ ತುಂಬಿ. ರಾತ್ರಿ ಗಾಡಿ ಕೆಳಗೆ ಒಂದು ರಟ್ಟಿನ ತುಂಡು ಹಾಸಿಡಿ. ಬೆಳಿಗ್ಗೆ ರಟ್ಟು ಒಣಗಿದ್ದರೆ ಕೆಲಸ ಸರಿಯಾಗಿದೆ.

ಹಳೆ ಆಯಿಲ್ ಚರಂಡಿಗೆ ಬೇಡ, ತೆಂಗಿನ ಬುಡಕ್ಕೂ ಬೇಡ. 2016ರ ಕೇಂದ್ರ ನಿಯಮಗಳಲ್ಲಿ ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿಸಿದ್ದಾರೆ. ಹಳೆ ಕ್ಯಾನಿಗೆ ತುಂಬಿ, ಬಳಸಿದ ಆಯಿಲ್ ಒಟ್ಟು ಮಾಡಿ ಕಳಿಸುವ ಗ್ಯಾರೇಜಿಗೆ ಕೊಡಿ. ಫಿಲ್ಟರನ್ನೂ ಬರಿದು ಮಾಡಿಯೇ ಕೊಡಬೇಕು, ಅದರೊಳಗೆ ಲೋಟದಷ್ಟು ಆಯಿಲ್ ನಿಂತಿರುತ್ತದೆ. ತಲೆಗೆ ಒಂದು ತೂತು ಹೊಡೆದು, ಬಾಯಿ ಕೆಳಗೆ ಮಾಡಿ ರಾತ್ರಿಯಿಡೀ ಬಾಂಡಲಿಯಲ್ಲಿ ನಿಲ್ಲಿಸಿ. ಆ ಉದ್ದದ ಸ್ಕ್ರೂಡ್ರೈವರನ್ನು ನಾನು ಈಗ ಇದೊಂದಕ್ಕೇ ಬಳಸುವುದು.